ನೋಡಿದ ನಾನು, ನೆನೆದ ನಾನು: ರೊಮ್ಯಾಂಟಿಕ್ ಕವಿತೆಯನ್ನು ಓದುವುದು ಹೇಗೆ

ಡಿಗ್ರಿಯಲ್ಲಿ ಇಂಗ್ಲಿಷ್ ಪದ್ಯ ಓದಿದ ಯಾರನ್ನಾದರೂ ಕೇಳಿ ನೋಡಿ. ವರ್ಡ್ಸ್‌ವರ್ತ್ ಅಂದ ಕೂಡಲೇ ‘ಪ್ರಕೃತಿ ಕವಿ’ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಎಷ್ಟೋ ವರ್ಷ ನಾನೂ ಹಾಗೇ ಹೇಳಿಕೊಂಡು ಬಂದವನು. ಆ ಹಣೆಪಟ್ಟಿ ಸುಳ್ಳೇನಲ್ಲ. ಆದರೆ ಅದನ್ನು ಅಂಟಿಸಿದ ಮೇಲೆ ಕವಿತೆಯ ಒಳಕ್ಕೆ ಹೋಗಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ಒಳಕ್ಕೆ ಹೋಗಲು ನನಗೆ ದಾರಿಯಾದದ್ದು ಒಂದು ಸಣ್ಣ ಪ್ರಶ್ನೆ: ಈ ಕವಿತೆಯಲ್ಲಿ ‘ನಾನು’ ಅನ್ನುವವನು ಈಗ ಎಲ್ಲಿದ್ದಾನೆ? ಸರೋವರದ ದಂಡೆಯಲ್ಲೋ, ಮನೆಯ ಸೋಫಾದ ಮೇಲೋ? ಹೀಗೆ ಕೇಳುತ್ತ ಹೋದರೆ ಬಹುಪಾಲು ರೊಮ್ಯಾಂಟಿಕ್ ಕವಿತೆಗಳಲ್ಲಿ, ಅಂದರೆ 1800ರ ಆಸುಪಾಸಿನ ವರ್ಡ್ಸ್‌ವರ್ತ್, ಕೋಲ್‌ರಿಜ್, ಕೀಟ್ಸ್ ಮುಂತಾದ ಇಂಗ್ಲಿಷ್ ಕವಿಗಳ ಕವಿತೆಗಳಲ್ಲಿ, ಇಬ್ಬರು ‘ನಾನು’ಗಳು ಸಿಗುತ್ತಾರೆ. ಒಬ್ಬ ಅಲ್ಲಿ ನಿಂತು ನೋಡಿದವನು, ಇನ್ನೊಬ್ಬ ಆಮೇಲೆ ಯಾವಾಗಲೋ ಅದನ್ನು ನೆನೆದವನು. ಪ್ರಕೃತಿ ಈ ಇಬ್ಬರ ನಡುವೆ ಕೈ ಬದಲಾಯಿಸುತ್ತದೆ, ಬದಲಾಯಿಸುವಾಗ ಏನೋ ಕಳೆಯುತ್ತದೆ, ಏನೋ ಸೇರುತ್ತದೆ. ಅದನ್ನು ಹಿಡಿಯುವ ಅಭ್ಯಾಸವನ್ನು ಹಂತ ಹಂತವಾಗಿ ಹೇಳುತ್ತೇನೆ. ಒಂದು ಪೆನ್ಸಿಲ್, ಕವಿತೆಯ ಪ್ರಿಂಟ್, ಎರಡು ವಾರ ಬಿಡುವು, ಇಷ್ಟಿದ್ದರೆ ಸಾಕು. ಇಂಗ್ಲಿಷ್ ಸಾಧಾರಣವಾಗಿ ಬಂದರೂ ಪರವಾಗಿಲ್ಲ, ನಿಘಂಟು ಪಕ್ಕದಲ್ಲಿರಲಿ.

ಹಂತ 1: ಗೊತ್ತಿರುವ ಕವಿತೆಯಿಂದಲೇ ಶುರು ಮಾಡಿ

ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಹೂಗಳ ಕವಿತೆಯನ್ನೇ ತೆಗೆದುಕೊಳ್ಳಿ. ‘ಐ ವಾಂಡರ್ಡ್ ಲೋನ್ಲಿ ಆ್ಯಸ್ ಎ ಕ್ಲೌಡ್’ ಅಂತ ಶುರುವಾಗುವುದು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀರಿ ಅಂತ ಬಿಡಬೇಡಿ. ಬಾಯಿಗೆ ಬರುವ ಕವಿತೆಯನ್ನೇ ನಾವು ಎಲ್ಲಕ್ಕಿಂತ ಕಡಿಮೆ ಓದಿರುತ್ತೇವೆ.

ಮೊದಲು ಹೂವಿನ ಚಿತ್ರ ಹುಡುಕಿ ನೋಡಿ. ನಮ್ಮಲ್ಲಿ ಬಹಳ ಜನ ಈ ಹೂವನ್ನು ನೋಡದೆಯೇ ಪದ್ಯ ಒಪ್ಪಿಸಿದವರು. ನನ್ನ ತಲೆಯಲ್ಲಂತೂ ಅದು ಸೂರ್ಯಕಾಂತಿಯ ಹಾಗೆ ಆಳೆತ್ತರ ನಿಂತಿತ್ತು. ಇಂಗ್ಲೆಂಡಿನ ಕಾಡು ಡ್ಯಾಫೊಡಿಲ್ ಗೇಣುದ್ದಕ್ಕಿಂತ ಸ್ವಲ್ಪ ಎತ್ತರ, ತೆಳು ಹಳದಿ ಎಸಳು, ನಡುವೆ ಇನ್ನಷ್ಟು ಗಾಢ ಹಳದಿಯ ಕೊಳವೆ. ನೆಲಕ್ಕೆ ಹತ್ತಿರದ ಹೂವು. ಇಷ್ಟು ಗೊತ್ತಾದರೆ, ಮೋಡದ ಎತ್ತರದಲ್ಲಿ ತೇಲುತ್ತಿದ್ದವನ ಕಣ್ಣು ಎಲ್ಲಿಂದ ಎಲ್ಲಿಗೆ ಇಳಿಯಿತು ಅನ್ನುವುದು ಅರ್ಥವಾಗುತ್ತದೆ.

ಆಮೇಲೆ ಗಟ್ಟಿಯಾಗಿ ಎರಡು ಸಲ ಓದಿ. ಸಾಲಿಗೆ ನಾಲ್ಕು ಪೆಟ್ಟು ಬೀಳುತ್ತದೆ. ಅರ್ಥದ ಕಡೆ ಇನ್ನೂ ಹೋಗಬೇಡಿ.

ಹಂತ 2: ಕ್ರಿಯಾಪದಗಳಿಗೆ ಗುರುತು ಹಾಕಿ, ಹೊಲಿಗೆ ಹುಡುಕಿ

ಪೆನ್ಸಿಲ್ ಹಿಡಿದು ಒಂದೊಂದೇ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಅಂಚಿನಲ್ಲಿ, ಭೂತಕಾಲವಿದ್ದರೆ ‘ನೋ’ (ನೋಡಿದ್ದು) ಅಂತ, ವರ್ತಮಾನವಿದ್ದರೆ ‘ನೆ’ (ನೆನೆದದ್ದು) ಅಂತ ಬರೆಯಿರಿ. ಮೊದಲ ಮೂರು ಚರಣಗಳ ಮುಖ್ಯ ಕ್ರಿಯೆಗಳಿಗೆಲ್ಲ ‘ನೋ’ ಬೀಳುತ್ತದೆ: ಅಲೆದೆ, ಕಂಡೆ, ದಿಟ್ಟಿಸಿದೆ. ನಾಲ್ಕನೆಯ ಚರಣಕ್ಕೆ ಬಂದರೆ ಕವಿ ಮನೆಯೊಳಗೆ ಮಲಗಿದ್ದಾನೆ. ಮನಸ್ಸು ಖಾಲಿಯಾಗಿಯೋ ಯೋಚನೆಯಲ್ಲಿಯೋ ಇದ್ದಾಗ ಆ ಹೂಗಳು ‘ಒಳಗಣ್ಣಿ’ಗೆ ಮಿಂಚುತ್ತವೆ. ಅಲ್ಲಿಂದ ಮುಂದೆ ಎಲ್ಲವೂ ‘ನೆ’.

ಈ ಎರಡರ ನಡುವಿನ ಹೊಲಿಗೆ ಮೂರನೆಯ ಚರಣದ ಕೊನೆಯಲ್ಲಿದೆ. ‘ದಿಟ್ಟಿಸಿದೆ, ದಿಟ್ಟಿಸಿದೆ, ಆದರೆ ಆ ನೋಟ ನನಗೆ ಎಂಥ ಸಂಪತ್ತು ತಂದಿತ್ತು ಅಂತ ಯೋಚಿಸಲೇ ಇಲ್ಲ’ ಎಂಬ ಅರ್ಥದ ಸಾಲುಗಳು. ಇಲ್ಲಿ ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂರಿ. ನೋಡುತ್ತಿದ್ದವನಿಗೆ ತಾನು ಏನು ಪಡೆಯುತ್ತಿದ್ದೇನೆ ಅಂತ ಗೊತ್ತಿರಲಿಲ್ಲ, ಗೊತ್ತಾದದ್ದು ನೆನೆದವನಿಗೆ. ಹೂಗಳ ವರ್ಣನೆ ಎಷ್ಟೇ ಚೆಂದವಿರಲಿ, ಕವಿತೆ ತಿರುಗುವುದು ಈ ಜಾಗದಲ್ಲಿ.

ಪರೀಕ್ಷೆಯ ಉತ್ತರಗಳಲ್ಲಿ ಎಲ್ಲರೂ ಬರೆಯುವ ಒಂದು ಮಾತಿದೆ, ವರ್ಡ್ಸ್‌ವರ್ತ್ ತನ್ನ ಮತ್ತು ಗೆಳೆಯ ಕೋಲ್‌ರಿಜ್‌ನ ಕವಿತೆಗಳ ಸಂಕಲನ ‘ಲಿರಿಕಲ್ ಬ್ಯಾಲಡ್ಸ್’ಗೆ 1800ರಲ್ಲಿ ಬರೆದ ಮುನ್ನುಡಿಯದು: ಕಾವ್ಯವೆಂದರೆ ಬಲವಾದ ಭಾವನೆಗಳು ತಾವಾಗಿ ಉಕ್ಕಿ ಹರಿಯುವುದು. ಅದೇ ಮುನ್ನುಡಿ ಮುಂದೆ, ನೆಮ್ಮದಿಯಲ್ಲಿ ಮರಳಿ ನೆನೆದ ಭಾವದಿಂದ ಕಾವ್ಯ ಹುಟ್ಟುತ್ತದೆ ಅನ್ನುತ್ತದೆ. ಮೊದಲ ಅರ್ಧವನ್ನಷ್ಟೇ ಹಿಡಿದರೆ ಈ ಕವಿಗಳು ಹೂವು ಕಂಡಲ್ಲೇ ಕೂತು ಪದ್ಯ ಬರೆದವರ ಹಾಗೆ ಕಾಣುತ್ತಾರೆ. ಎರಡನೆಯ ಅರ್ಧವನ್ನು ಸೇರಿಸಿ ಓದಿದಾಗಲೇ ನಿಮ್ಮ ‘ನೋ’ ಮತ್ತು ‘ನೆ’ ಗುರುತುಗಳಿಗೆ ಬೆಲೆ ಬರುವುದು.

ಹಂತ 3: ಪಕ್ಕದಲ್ಲಿದ್ದವರ ಸಾಕ್ಷಿ ಕೇಳಿ

ಈ ಹಂತದಲ್ಲಿ ಅವಸರ ಬೇಡ. ನನ್ನ ಮಟ್ಟಿಗೆ ಇಡೀ ಅಭ್ಯಾಸದ ಹೃದಯ ಇದು.

1802ರ ಏಪ್ರಿಲ್ 15. ಉತ್ತರ ಇಂಗ್ಲೆಂಡಿನ ಸರೋವರಗಳ ಸೀಮೆಯಲ್ಲಿ ಅಲ್ಸ್‌ವಾಟರ್ ಎಂಬ ಸರೋವರದ ದಂಡೆಗುಂಟ ವರ್ಡ್ಸ್‌ವರ್ತ್ ನಡೆದು ಬರುತ್ತಿದ್ದಾನೆ. ಒಬ್ಬನೇ ಅಲ್ಲ, ತಂಗಿ ಡೊರೊಥಿ ಜೊತೆಗಿದ್ದಾಳೆ. ಆಕೆ ದಿನಚರಿ ಬರೆಯುತ್ತಿದ್ದವಳು, ಆ ದಿನದ ಪುಟ ಉಳಿದಿದೆ. ಗಾಳಿ ರೊಚ್ಚಿಗೆದ್ದು ಬೀಸುತ್ತಿತ್ತು ಅಂತ ಬರೆಯುತ್ತಾಳೆ. ಮೊದಲು ನೀರಿನ ಅಂಚಿಗೆ ನಾಲ್ಕಾರು ಹೂಗಳು ಕಂಡವು. ಅಲೆಗಳು ಬೀಜವನ್ನು ದಡಕ್ಕೆ ತೇಲಿಸಿ ತಂದಿರಬೇಕು ಅಂತ ಅಣ್ಣತಂಗಿ ಅಂದುಕೊಂಡರು. ಮುಂದೆ ಹೋದಂತೆ ಇನ್ನಷ್ಟು, ಮತ್ತಷ್ಟು. ಕೊನೆಗೆ ಮರಗಳ ಕೊಂಬೆಯಡಿ, ಒಂದು ಹಳ್ಳಿ ರಸ್ತೆಯಷ್ಟು ಅಗಲಕ್ಕೆ, ದಡದ ಉದ್ದಕ್ಕೂ ಹೂವಿನ ಪಟ್ಟಿ. ಪಾಚಿ ಹಿಡಿದ ಕಲ್ಲುಗಳ ನಡುವೆ ಬೆಳೆದಿದ್ದವು. ಕೆಲವು ಹೂಗಳು ದಣಿವಾಗಿ ಕಲ್ಲನ್ನೇ ದಿಂಬು ಮಾಡಿಕೊಂಡು ತಲೆಯಿಟ್ಟಿದ್ದವು, ಉಳಿದವು ತೂಗಾಡಿ ತೊನೆದಾಡಿ ಕುಣಿಯುತ್ತಿದ್ದವು, ಗಾಳಿಯ ಜೊತೆ ನಗುತ್ತಿರುವ ಹಾಗೆ. ಆಮೇಲೆ ಮಳೆ ಬಂತು, ಇಬ್ಬರೂ ತೊಯ್ದರು. ರಾತ್ರಿ ತಂಗಿದ ಕಡೆ ಬಿಸಿನೀರು ಬೆರೆಸಿದ ರಮ್ ಕುಡಿದರು. ಮೇರಿ ಇಲ್ಲಿರಬೇಕಿತ್ತು ಅಂತ ಅಂದುಕೊಂಡರು. ಮೇರಿ ಅಂದರೆ ಅದೇ ವರ್ಷ ಅಕ್ಟೋಬರಿನಲ್ಲಿ ವರ್ಡ್ಸ್‌ವರ್ತ್ ಮದುವೆಯಾದ ಹುಡುಗಿ.

ಈಗ ಇಸವಿಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ನೋಡಿದ್ದು 1802. ಕವಿತೆ ಬರೆದದ್ದು 1804. ಅಚ್ಚಾದದ್ದು 1807, ಆಗ ಮೂರೇ ಚರಣ. ಹೂಗಳನ್ನು ಆಕಾಶಗಂಗೆಯ ನಕ್ಷತ್ರಗಳಿಗೆ ಹೋಲಿಸುವ ಚರಣ ಸೇರಿದ್ದು 1815ರಲ್ಲಿ. ಮೊದಲ ಮುದ್ರಣದಲ್ಲಿ ‘ಕುಣಿಯುವ’ ಡ್ಯಾಫೊಡಿಲ್‌ಗಳಾಗಿದ್ದವು 1815ರಲ್ಲಿ ‘ಹೊಂಬಣ್ಣದ’ವು ಆದವು. ಹದಿಮೂರು ವರ್ಷ ಈ ಹೂಗಳು ಅವನ ತಲೆಯಲ್ಲಿ ಅರಳುತ್ತಲೇ ಇದ್ದವು.

ಎರಡು ಪುಟಗಳನ್ನೂ ಅಕ್ಕಪಕ್ಕ ಇಟ್ಟು, ಏನು ಹೋಯಿತು, ಏನು ಬಂತು ಅಂತ ಪಟ್ಟಿ ಮಾಡಿ. ತಂಗಿ ಹೋದಳು. ರೊಚ್ಚಿಗೆದ್ದ ಗಾಳಿ ಮಂದಮಾರುತವಾಯಿತು. ಮಳೆ, ತೊಯ್ದ ಬಟ್ಟೆ ಎಲ್ಲ ಹೋಯಿತು. ದಣಿದು ಕಲ್ಲಿಗೆ ತಲೆಯಿಟ್ಟ ಹೂಗಳೂ ಹೋದವು, ಕವಿತೆಯಲ್ಲಿ ಎಲ್ಲ ಹೂಗಳೂ ಕುಣಿಯುವವೇ. ಬಂದದ್ದು ಮೋಡ, ನಕ್ಷತ್ರ, ಚಿನ್ನದ ಬಣ್ಣ, ಮತ್ತು ಒಂಟಿತನ.

ಇದನ್ನು ತಿಳಿದ ಕೆಲವರಿಗೆ ವರ್ಡ್ಸ್‌ವರ್ತ್ ಮೇಲೆ ಸಿಟ್ಟು ಬರುತ್ತದೆ, ಜೊತೆಯಲ್ಲಿದ್ದ ತಂಗಿಯನ್ನು ಅಳಿಸಿ ‘ಒಂಟಿಯಾಗಿ ಅಲೆದೆ’ ಅಂತ ಬರೆದನಲ್ಲ ಅಂತ. ನನಗೂ ಬಂದಿತ್ತು. ಈಗ ಬೇರೆ ಥರ ಕಾಣುತ್ತದೆ. ಆ ಒಂಟಿತನ ನೋಡಿದವನದಲ್ಲ, ನೆನೆದವನದು. ಸೋಫಾದ ಮೇಲೆ ಮಲಗಿ ನೆನೆಯುವಾಗ ಯಾರೂ ಜೊತೆಗಿರುವುದಿಲ್ಲ. ಆ ಒಂಟಿತನ ಹಿಂದಕ್ಕೆ ಹರಿದು ಮೊದಲ ಸಾಲಿಗೇ ಬಣ್ಣ ಹಚ್ಚಿತು. ಹಾಗಂತ ಡೊರೊಥಿಯ ಋಣ ತೀರುವುದಿಲ್ಲ. ಆಕೆಯ ದಿನಚರಿ ಆಕೆ ಬದುಕಿರುವಾಗ ಪುಸ್ತಕವಾಗಿ ಅಚ್ಚಾಗಲೇ ಇಲ್ಲ. ಕಲ್ಲುದಿಂಬಿನ ಮೇಲೆ ತಲೆಯಿಟ್ಟ ಆ ದಣಿದ ಹೂಗಳು ನನಗೆ ನಕ್ಷತ್ರಗಳಿಗಿಂತ ಹೆಚ್ಚು ಇಷ್ಟ.

ಇನ್ನೊಂದು ಸಂಗತಿ. ಕವಿತೆಯ ಅತಿ ಪ್ರಸಿದ್ಧ ಎರಡು ಸಾಲು, ಹೂಗಳು ‘ಒಳಗಣ್ಣಿ’ಗೆ ಮಿಂಚುತ್ತವೆ, ಅದೇ ಏಕಾಂತದ ಆನಂದ ಅನ್ನುವ ಸಾಲುಗಳು, ಮೇರಿ ಕೊಟ್ಟದ್ದು. ವರ್ಡ್ಸ್‌ವರ್ತ್ ಅದನ್ನು ತಾನೇ ಒಪ್ಪಿಕೊಂಡಿದ್ದಾನೆ. ಆ ದಿನ ಅಲ್ಲಿ ಇಲ್ಲದವಳು, ‘ಇಲ್ಲಿರಬೇಕಿತ್ತು’ ಅಂತ ಇಬ್ಬರೂ ನೆನೆಸಿಕೊಂಡವಳು, ಆ ಹೂಗಳನ್ನು ಕಣ್ಣಾರೆ ಕಾಣದ ಆಕೆ ಒಳಗಣ್ಣಿನ ಸಾಲು ಬರೆದಳು. ಏಕಾಂತದ ಬಗೆಗಿನ ಸಾಲು ಇನ್ನೊಬ್ಬರದು. ರೊಮ್ಯಾಂಟಿಕ್ ‘ನಾನು’ ಅಂದರೆ ತನ್ನಲ್ಲೇ ಮುಳುಗಿದವನು ಅಂತ ಯಾರಾದರೂ ಹೇಳಿದರೆ ನನಗೆ ಈ ಮೂವರು ನೆನಪಾಗುತ್ತಾರೆ.

ಹಂತ 4: ನಾಲ್ಕು ಸಾಲು ಕನ್ನಡಕ್ಕೆ ತನ್ನಿ

ಚೆನ್ನಾಗಿರಬೇಕಾಗಿಲ್ಲ, ಯಾರಿಗೂ ತೋರಿಸಬೇಕಾಗಿಲ್ಲ. ಮೊದಲ ನಾಲ್ಕು ಸಾಲನ್ನು ನಿಮ್ಮ ಮನೆಮಾತಿನ ಕನ್ನಡದಲ್ಲಿ ಬರೆಯಿರಿ. ತಕ್ಷಣ ಒಂದು ತೊಡಕು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಕವಿತೆಯ ಮೊದಲ ಪದವೇ ‘ಐ’. ಅದನ್ನು ಬಿಡುವ ಹಾಗಿಲ್ಲ. ಕನ್ನಡದಲ್ಲಿ ‘ಮೋಡದ ಹಾಗೆ ಒಬ್ಬನೇ ಅಲೆಯುತ್ತಿದ್ದೆ’ ಅಂದರೆ ಸಾಕು, ‘ನಾನು’ ಕ್ರಿಯಾಪದದ ಬಾಲದಲ್ಲೇ ಇದೆ. ‘ನಾನು’ ಅಂತ ಬಿಡಿಸಿ ಹೇಳಿದರೆ ಅದಕ್ಕೊಂದು ಒತ್ತು ಬರುತ್ತದೆ. ಈ ಸಾಲಿಗೆ ಆ ಒತ್ತು ಬೇಕೆ? ಮೂರನೆಯ ಚರಣದಲ್ಲಿ ಬೇಕೆ? ಈ ಲೆಕ್ಕ ಹಾಕಿದವರಿಗೆ ಕವಿತೆಯ ‘ನಾನು’ ಎಲ್ಲಿ ಗಟ್ಟಿ, ಎಲ್ಲಿ ತೆಳು ಅನ್ನುವುದು ವಿಮರ್ಶೆಯ ಪುಸ್ತಕವಿಲ್ಲದೆಯೇ ಗೊತ್ತಾಗುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದಾಗ ಸಾಲು ಸಾಲಿಗೂ ಇಂಥ ತೀರ್ಮಾನಗಳನ್ನು ಮಾಡಲೇಬೇಕಾಗಿತ್ತು. ನವೋದಯದ ಕಿವಿ ಹೊಸ ಲಯಕ್ಕೆ ತೆರೆದದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು.

ಇನ್ನೊಂದು ಎಚ್ಚರಿಕೆ ಪದಗಳ ಬಗ್ಗೆ. ‘ನೇಚರ್’ ಅಂದಲ್ಲೆಲ್ಲ ‘ಪ್ರಕೃತಿ’ ಅಂತ ಬರೆಯುತ್ತೇವೆ, ಬೇರೆ ಪದ ಸುಲಭಕ್ಕೆ ಇಲ್ಲ. ಆದರೆ ಪ್ರಕೃತಿಯ ಬೆನ್ನಿಗೆ ಸಾಂಖ್ಯದ ಪುರುಷ ಬಂದು ನಿಲ್ಲುತ್ತಾನೆ. ‘ಸೆಲ್ಫ್’ ಅನ್ನುವುದಕ್ಕೆ ‘ಆತ್ಮ’ ಅಂದುಬಿಟ್ಟರೆ ಇಡೀ ವೇದಾಂತವೇ ಒಳಗೆ ಬರುತ್ತದೆ. ಓದುವ ಮೊದಲ ಸುತ್ತಿನಲ್ಲಿ ಬರಿ ‘ನಾನು’ ಅಂತಿಟ್ಟುಕೊಳ್ಳಿ. ವರ್ಡ್ಸ್‌ವರ್ತ್ ಹೇಳುವುದು ಅದ್ವೈತವೇ ಅಂತ ತೀರ್ಮಾನಿಸುವ ಆಸೆ ನಮಗೆ ಸಹಜ. ಮುಂದಿನ ಹಂತದ ಕವಿತೆಯಲ್ಲಿ ಆ ಆಸೆ ಜೋರಾಗಿಯೇ ಕಾಡುತ್ತದೆ. ಸ್ವಲ್ಪ ತಡೆಯಿರಿ.

ಹಂತ 5: ಟಿಂಟರ್ನ್ ಅಬ್ಬಿ, ಐದು ದಿನದಲ್ಲಿ

ಇದು ಸುಮಾರು 160 ಸಾಲಿನ ಕವಿತೆ, ಅಬ್ಬಿ ಅಂದರೆ ಕ್ರೈಸ್ತ ಮಠ. 1798ರ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ ಕೊನೆಯ ಪದ್ಯ. ಒಂದೇ ಏಟಿಗೆ ಓದಲು ಹೋಗಿ ಅರ್ಧಕ್ಕೆ ಬಿಟ್ಟವರು ಬಹಳ ಜನ. ಕವಿತೆಯೇ ಐದು ಖಂಡಗಳಾಗಿದೆ. ದಿನಕ್ಕೊಂದು ಖಂಡ ಓದಿ, ಆರನೆಯ ದಿನ ಪೂರ್ತಿ ಗಟ್ಟಿಯಾಗಿ ಓದಿ. ಪ್ರಾಸವಿಲ್ಲ, ಮಾತಿನ ಹಾಗೆ ಸಾಲಿನಿಂದ ಸಾಲಿಗೆ ಹರಿಯುತ್ತದೆ. ಸಾಲಿನ ಕೊನೆಯಲ್ಲಿ ನಿಲ್ಲಬೇಡಿ, ಚಿಹ್ನೆ ಇದ್ದಲ್ಲಿ ಮಾತ್ರ ಉಸಿರು ತೆಗೆದುಕೊಳ್ಳಿ.

ಹಿನ್ನೆಲೆ ಇಷ್ಟು: ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯಲ್ಲಿ ವೈ ನದಿ. 1793ರಲ್ಲಿ, ಇಪ್ಪತ್ಮೂರರ ವಯಸ್ಸಿನಲ್ಲಿ, ವರ್ಡ್ಸ್‌ವರ್ತ್ ಒಬ್ಬನೇ ಇಲ್ಲಿಗೆ ಬಂದಿದ್ದ. 1798ರ ಜುಲೈನಲ್ಲಿ ತಂಗಿಯ ಜೊತೆ ಮತ್ತೆ ಬಂದ. ಶೀರ್ಷಿಕೆಯಲ್ಲೇ ಜುಲೈ 13 ಅಂತ ತಾರೀಕಿದೆ. ನಾಲ್ಕೈದು ದಿನದ ತಿರುಗಾಟದಲ್ಲಿ ನಡೆಯುತ್ತ ನಡೆಯುತ್ತ ಕಟ್ಟಿದ ಕವಿತೆ ಇದು, ಬ್ರಿಸ್ಟಲ್ ತಲುಪುವವರೆಗೆ ಒಂದು ಸಾಲನ್ನೂ ಕಾಗದಕ್ಕೆ ಇಳಿಸಿರಲಿಲ್ಲ ಅಂತ ಅವನೇ ಮುಪ್ಪಿನಲ್ಲಿ ಹೇಳಿದ್ದಾನೆ.

ಮೊದಲ ದಿನ, ‘ಈ’, ‘ಈ’ ಅಂತ ಬೆರಳು ತೋರುವ ಪದಗಳಿಗೆಲ್ಲ ಸುತ್ತು ಹಾಕಿ: ಈ ಕಡಿದಾದ ಬಂಡೆ, ಈ ಕಪ್ಪು ನೆರಳಿನ ಮರ, ಈ ತೋಟದ ತುಂಡುಗಳು. ಐದು ವರ್ಷದ ಮೇಲೆ ಬಂದವನು ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದಾನೆ, ಇದೆಯಾ, ಇದೆಯಾ ಅಂತ. ಹಾಗೆ ತೋರಿಸುತ್ತ ಒಂದು ಕಡೆ ‘ಈ ಬೇಲಿಸಾಲುಗಳು’ ಅನ್ನುತ್ತಾನೆ, ಕೂಡಲೇ ತಿದ್ದುತ್ತಾನೆ: ಬೇಲಿ ಅನ್ನಲೂ ಆಗದು, ಬೇಕಾಬಿಟ್ಟಿ ಬೆಳೆದ ಆಟದ ಕಾಡಿನ ಸಣ್ಣ ಸಾಲುಗಳು. ಈ ತಿದ್ದುಪಡಿಯನ್ನು ಹತ್ತಿರದಿಂದ ನೋಡಿ. ಪದ ಮೊದಲು ಬಂತು, ಅದು ಅಭ್ಯಾಸದಿಂದ ಬಂದ ಪದ. ಆಮೇಲೆ ಕಣ್ಣು ‘ಅಲ್ಲ’ ಅಂತು. ಬೇಕಿದ್ದರೆ ‘ಬೇಲಿ’ಯನ್ನು ಹೊಡೆದುಹಾಕಿ ನೇರವಾಗಿ ‘ಕಾಡಿನ ಸಾಲು’ ಅನ್ನಬಹುದಿತ್ತು. ಹಾಗೆ ಮಾಡದೆ ಎರಡನ್ನೂ ಉಳಿಸಿದ. ಮನಸ್ಸು ಮತ್ತು ಹೊರಜಗತ್ತು ಒಂದನ್ನೊಂದು ತಿದ್ದುವುದು ನಮ್ಮ ಕಣ್ಣೆದುರೇ ನಡೆಯುತ್ತದೆ.

ಎರಡನೆಯ ದಿನದ ಖಂಡದಲ್ಲಿ ಅವನು ನದಿಯ ಬಳಿ ಇಲ್ಲ. ಪಟ್ಟಣದ ಗದ್ದಲದಲ್ಲಿ, ಒಂಟಿ ಕೋಣೆಯಲ್ಲಿ, ಈ ದೃಶ್ಯದ ನೆನಪು ತನ್ನನ್ನು ಹೇಗೆ ಕಾಪಾಡಿತು ಅಂತ ಹೇಳುತ್ತಾನೆ. ಡ್ಯಾಫೊಡಿಲ್ ಕವಿತೆಯ ಸೋಫಾ ನಿಮಗೆ ನೆನಪಾಗಬೇಕು. ಮೂರನೆಯದು ಚಿಕ್ಕದು, ‘ಇದು ಬರಿ ಹುಸಿ ನಂಬಿಕೆಯಾಗಿದ್ದರೆ…’ ಅಂತ ಶುರುವಾಗುತ್ತದೆ. ಚಿಕ್ಕದು ಅಂತ ಹಾರಿಸಬೇಡಿ. ಇಡೀ ಕವಿತೆಯಲ್ಲಿ ‘ಆಗಿದ್ದರೆ’, ‘ಬಹುಶಃ’, ‘ಅಂತ ನಂಬುತ್ತೇನೆ’ ಎಂಬ ಅರ್ಥದ ಮಾತುಗಳನ್ನೆಲ್ಲ ಬೇರೆ ಬಣ್ಣದಲ್ಲಿ ಗುರುತಿಸಿ. ಪ್ರವಚನದ ಹಾಗೆ ಕೇಳಿಸುತ್ತಿದ್ದ ಕವಿತೆ, ತನ್ನನ್ನು ತಾನೇ ಒಪ್ಪಿಸಿಕೊಳ್ಳಲು ಪಾಡುಪಡುತ್ತಿರುವವನ ಮಾತಾಗಿ ಬದಲಾಗುತ್ತದೆ.

ನಾಲ್ಕನೆಯ ಖಂಡಕ್ಕೆ ಎರಡು ದಿನ ಕೊಟ್ಟರೂ ತಪ್ಪಿಲ್ಲ. ಅಲ್ಲಿ ‘ನಾನು’ ಮೂರು ವಯಸ್ಸಿನವನು: ಹುಡುಗ, 1793ರ ಯುವಕ, ಈಗಿನವನು. 1793ರಲ್ಲಿ ತಾನು ಪ್ರೀತಿಸಿದ್ದನ್ನು ಅರಸಿ ಹೋಗುವವನಂತಿರಲಿಲ್ಲ, ಹೆದರಿದ ಯಾವುದರಿಂದಲೋ ಓಡುವವನಂತಿದ್ದೆ ಅನ್ನುತ್ತಾನೆ. ಯಾವುದರಿಂದ? ಕವಿತೆ ಹೇಳುವುದಿಲ್ಲ. ಬದುಕು ಗೊತ್ತಿದ್ದವರಿಗೆ ಒಂದಿಷ್ಟು ಹೊಳೆಯುತ್ತದೆ: ಕ್ರಾಂತಿಯ ದಿನಗಳಲ್ಲಿ ಫ್ರಾನ್ಸಿನಲ್ಲಿದ್ದ, ಅಲ್ಲಿ ಆನೆಟ್ ವಾಲಾನ್ ಎಂಬಾಕೆಯಲ್ಲಿ 1792ರ ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು, 1793ರ ಫೆಬ್ರುವರಿಯಲ್ಲಿ ಎರಡು ದೇಶಗಳ ನಡುವೆ ಯುದ್ಧ ಶುರುವಾಗಿ ದಾರಿ ಮುಚ್ಚಿತು. ಇದನ್ನು ಕವಿತೆಯ ‘ಉತ್ತರ’ ಮಾಡಿಕೊಳ್ಳಬೇಡಿ. ಆ ಓಟದ ಸಾಲಿಗೆ ಎಷ್ಟು ಭಾರ ಇರಬಹುದು ಅಂತ ತೂಗಿ ನೋಡಲು ಮಾತ್ರ ಇಟ್ಟುಕೊಳ್ಳಿ.

ಮುಳುಗುವ ಸೂರ್ಯರ ಬೆಳಕಿನಲ್ಲಿ, ದುಂಡು ಕಡಲಿನಲ್ಲಿ, ಗಾಳಿಯಲ್ಲಿ, ನೀಲಿ ಆಕಾಶದಲ್ಲಿ, ಮನುಷ್ಯನ ಮನಸ್ಸಿನಲ್ಲಿ ಮನೆ ಮಾಡಿದ ‘ಏನೋ ಒಂದು’ ಇದೆ ಅನ್ನುವ ಸಾಲುಗಳೂ ಇಲ್ಲೇ ಬರುತ್ತವೆ. ನಮ್ಮ ವೇದಾಂತದ ಆಸೆ ಜಿಗಿಯುವ ಜಾಗ ಇದು. ಅವನು ಅದಕ್ಕೆ ಹೆಸರಿಡಲಿಲ್ಲ ಅನ್ನುವುದನ್ನು ಗಮನಿಸಿ. ‘ಬ್ರಹ್ಮ’ ಅಂತ ನಾವು ಹೆಸರಿಟ್ಟ ಕೂಡಲೇ ಆ ತಡವರಿಕೆ ಹೋಗುತ್ತದೆ, ತಡವರಿಕೆ ಹೋದರೆ ಸಾಲೂ ಹೋದಂತೆ. ಸ್ವಲ್ಪ ಕೆಳಗೆ ಇನ್ನೊಂದು ಮಾತಿದೆ: ಕಣ್ಣು ಕಿವಿಗಳು ಜಗತ್ತನ್ನು ಗ್ರಹಿಸುತ್ತವೆ, ಅರ್ಧ ತಾವೇ ಸೃಷ್ಟಿಸುತ್ತವೆ ಕೂಡ. ಈ ‘ಅರ್ಧ’ದ ಕೆಳಗೆ ಎರಡು ಗೆರೆ ಎಳೆಯಿರಿ.

ಐದನೆಯ ದಿನ ತಂಗಿ ಸಿಗುತ್ತಾಳೆ. ನೂರಕ್ಕೂ ಹೆಚ್ಚು ಸಾಲು ಒಬ್ಬನೇ ಮಾತಾಡಿಕೊಂಡ ಮೇಲೆ, ಪಕ್ಕದಲ್ಲಿ ಆಕೆ ಮೊದಲಿನಿಂದಲೂ ನಿಂತಿದ್ದಳು ಅಂತ ಗೊತ್ತಾಗುತ್ತದೆ. ಅವಳ ಕಣ್ಣಿನ ಕಾಡುಬೆಳಕಿನಲ್ಲಿ ತನ್ನ ಐದು ವರ್ಷ ಹಿಂದಿನ ರೂಪವನ್ನು ಕಾಣುತ್ತಾನೆ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಅವನು ಬಳಸುವ ‘ದೌ’ ಈಗಿನ ಇಂಗ್ಲಿಷಿನಲ್ಲಿ ಸತ್ತ ಪದ, ಇಂಗ್ಲಿಷರಿಗೇ ಅದು ಚರ್ಚಿನ ಭಾಷೆಯಂತೆ ಕೇಳುತ್ತದೆ. ನಮಗೆ ‘ನೀನು’ ಬದುಕಿದೆ. ಆ ಖಂಡವನ್ನು ‘ನೀನು, ನಿನ್ನ’ ಅಂತ ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಓದಿ, ಅಣ್ಣ ತಂಗಿಗೆ ಹೇಳುವ ಸಲಿಗೆ ತಾನಾಗಿ ಬರುತ್ತದೆ.

ಹಂತ 6: ಏನಿಲ್ಲ ಅಂತ ಕೇಳಿ

ಶೀರ್ಷಿಕೆಯಲ್ಲಿ ಅಬ್ಬಿ ಇದೆ, ಕವಿತೆಯಲ್ಲಿ ಇಲ್ಲ. 1131ರಲ್ಲಿ ಕಟ್ಟಿ, 1536ರಲ್ಲಿ ಮುಚ್ಚಿಸಿದ ಆ ಮಠದ ಒಂದು ಕಲ್ಲೂ ಒಳಗೆ ಬರುವುದಿಲ್ಲ. ಆ ಪಾಳು ಕಟ್ಟಡದ ಸುತ್ತ ಭಿಕ್ಷುಕರು ಇರುತ್ತಿದ್ದರು ಅಂತ ವಿಲಿಯಂ ಗಿಲ್ಪಿನ್‌ನ ಪ್ರವಾಸ ಪುಸ್ತಕ 1782ರಲ್ಲೇ ಬರೆದಿತ್ತು. ಹತ್ತಿರದಲ್ಲೇ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. ಕವಿತೆಯಲ್ಲಿ ಮರಗಳ ನಡುವಿಂದ ಹೊಗೆ ಮೇಲೇಳುತ್ತದೆ, ಅಲೆಮಾರಿಗಳದ್ದೋ ಸನ್ಯಾಸಿಯದ್ದೋ ಇರಬೇಕು ಅಂತ ಅವನು ಊಹಿಸುತ್ತಾನೆ. 1980ರ ದಶಕದಲ್ಲಿ ಕೆಲವು ವಿಮರ್ಶಕರು ಇದನ್ನು ಎತ್ತಿ, ಬಡತನದಿಂದ ಕಣ್ಣು ತಿರುಗಿಸಿದ ಕವಿತೆ ಇದು ಅಂದರು. ಪೂರ್ತಿ ಒಪ್ಪಲು ನನ್ನಿಂದ ಆಗಿಲ್ಲ, ಏಕೆಂದರೆ ‘ಮಾನವತೆಯ ಶಾಂತ, ದುಃಖದ ಸಂಗೀತ’ ಕೇಳಿಸಿತು ಅನ್ನುವವನೂ ಅವನೇ. ಆದರೆ ಈ ಪ್ರಶ್ನೆ ಕೇಳದೆ ಮುಂದೆ ಹೋಗುವುದೂ ಸರಿಯಲ್ಲ. ನಿಮ್ಮ ಪ್ರತಿಯ ಕೆಳಗೆ ಎರಡು ಸಾಲು ಬರೆದಿಡಿ: ಯಾರಿದ್ದರು, ಯಾರು ಕಾಣಲಿಲ್ಲ.

ಹಂತ 7: ಅದೇ ಪೆನ್ಸಿಲ್ ಹಿಡಿದು ಉಳಿದವರ ಬಳಿಗೆ

ಕೋಲ್‌ರಿಜ್‌ನ ‘ಫ್ರಾಸ್ಟ್ ಅಟ್ ಮಿಡ್‌ನೈಟ್’ ಮೊದಲು ಓದಿ. 1798ರ ಫೆಬ್ರುವರಿ, ನೆದರ್ ಸ್ಟೋವಿ ಎಂಬ ಹಳ್ಳಿಯ ಮನೆ, ಎಲ್ಲರೂ ಮಲಗಿದ್ದಾರೆ, ತೊಟ್ಟಿಲಲ್ಲಿ ಮಗು. ಒಲೆಯ ಕಂಬಿಯ ಮೇಲೆ ಮಸಿಯ ಒಂದು ತೆಳು ಪದರ ಅಲುಗಾಡುತ್ತಿದೆ. ಅದಕ್ಕೆ ಅಲ್ಲಿಯ ಜನ ‘ಅಪರಿಚಿತ’ ಅಂತ ಹೆಸರಿಟ್ಟಿದ್ದರು, ಅದು ಅಲುಗಿದರೆ ಯಾರೋ ಬರುತ್ತಾರೆ ಅಂತ ನಂಬಿಕೆ. ನಮ್ಮಲ್ಲಿ ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಅನ್ನುವ ಹಾಗೆ. ಆ ಮಸಿ ಅವನನ್ನು ಲಂಡನ್ನಿನ ಬೋರ್ಡಿಂಗ್ ಶಾಲೆಗೆ ಒಯ್ಯುತ್ತದೆ. ಅಪ್ಪ ಸತ್ತ ಮೇಲೆ ಅಲ್ಲಿಗೆ ಸೇರಿಸಲ್ಪಟ್ಟ ಹುಡುಗ, ಬಾಗಿಲು ಅರ್ಧ ತೆರೆದರೂ ಎದೆ ಹಾರಿ, ಊರಿನವರು, ಅತ್ತೆ, ಅಕ್ಕ ಯಾರಾದರೂ ಬಂದರೋ ಅಂತ ನೋಡುತ್ತಿದ್ದ. ಇಲ್ಲಿ ‘ನೋ’, ‘ನೆ’ ಎರಡೇ ಗುರುತು ಸಾಲುವುದಿಲ್ಲ. ಮೂರನೆಯದು ಬೇಕು, ಏಕೆಂದರೆ ತನಗೆ ಸಿಗದ ಕಾಡು, ಸರೋವರ, ಗಾಳಿಯನ್ನು ಅವನು ತೊಟ್ಟಿಲ ಮಗುವಿಗೆ ಬಿಟ್ಟುಕೊಡುತ್ತಾನೆ. ಈ ಕವಿತೆಯಲ್ಲಿ ಪ್ರಕೃತಿ ನೆನಪಲ್ಲ, ಆಸ್ತಿ ಬರೆದುಕೊಡುವ ಹಾಗೆ ಮಾಡಿದ ಹಾರೈಕೆ.

ನಾಲ್ಕು ವರ್ಷದ ಮೇಲೆ ಇದೇ ಕೋಲ್‌ರಿಜ್ ‘ಡಿಜೆಕ್ಷನ್’ ಬರೆದ. ಚಂದ್ರ, ನಕ್ಷತ್ರ ಎಲ್ಲವೂ ಕಾಣುತ್ತವೆ, ಎಷ್ಟು ಸುಂದರ ಅಂತ ಕಾಣುತ್ತದೆ, ಅನ್ನಿಸುವುದಿಲ್ಲ. ನಾವು ಕೊಟ್ಟಷ್ಟೇ ನಮಗೆ ವಾಪಸು ಸಿಗುವುದು, ಪ್ರಕೃತಿ ಬದುಕುವುದು ನಮ್ಮ ಬದುಕಿನಲ್ಲೇ ಅನ್ನುತ್ತಾನೆ. ಟಿಂಟರ್ನಿನ ‘ಅರ್ಧ’ ಇಲ್ಲಿ ಪೂರ್ತಿ ನಮ್ಮ ತಲೆಗೇ ಬಂತು. ಮನಸ್ಸು ಬತ್ತಿದವನಿಗೆ ಕಾಡು ಹೊಳೆಗಳಿಂದ ಪ್ರಯೋಜನವಿಲ್ಲ ಎಂಬ ಈ ಮಾತು, ಗೆಳೆಯ ವರ್ಡ್ಸ್‌ವರ್ತ್‌ನ ನಂಬಿಕೆಗೆ ಎದುರಾಗಿ ನಿಲ್ಲುತ್ತದೆ. ಎರಡನ್ನೂ ಒಂದೇ ಸಂಜೆ ಓದಿ.

ಶೆಲ್ಲಿಯ ಪಶ್ಚಿಮದ ಗಾಳಿಯ ಪದ್ಯಕ್ಕೆ ಹೆಚ್ಚು ಹೊತ್ತು ಬೇಡ. ಅಲ್ಲಿ ನೆನೆಯುವ ಪುರಸೊತ್ತಿಲ್ಲ, ‘ನೀನೇ ನಾನಾಗು’ ಅಂತ ಗಾಳಿಯನ್ನು ಬೇಡುವ ಕೂಗು ಅದು. ಒಂದೇ ಉಸಿರಿಗೆ ಓದಬೇಕು.

ಕೀಟ್ಸ್‌ಗೆ ಬಂದಾಗ ಮತ್ತೆ ನಿಧಾನಿಸಿ. 1819ರ ಸೆಪ್ಟೆಂಬರ್ 19, ಭಾನುವಾರ, ವಿಂಚೆಸ್ಟರ್ ಊರಿನ ಹೊರಗೆ ನಡೆದಾಡಿ ಬಂದು ‘ಟು ಆಟಮ್’ (ಶರದೃತುವಿಗೆ) ಬರೆದ. ಕೊಯ್ಲಾದ ಹೊಲದ ಕೂಳೆ ನನಗೆ ಈಗಿನಷ್ಟು ಇಷ್ಟ ಎಂದೂ ಆಗಿರಲಿಲ್ಲ ಅಂತ ಗೆಳೆಯನಿಗೆ ಪತ್ರದಲ್ಲಿ ಬರೆದ. ಮೂವತ್ಮೂರು ಸಾಲಿನ ಕವಿತೆ. ‘ಐ’ ಎಷ್ಟು ಸಲ ಬಂದಿದೆ ಅಂತ ಎಣಿಸಿ. ಒಂದು ಸಲವೂ ಇಲ್ಲ. ಕಣಜದ ನೆಲದ ಮೇಲೆ ಶರದೃತು ತಾನೇ ಕೂತಿದೆ, ತೂರುವ ಗಾಳಿಗೆ ಅದರ ಕೂದಲು ಮೆಲ್ಲಗೆ ಹಾರುತ್ತಿದೆ. ಅರ್ಧ ಕೊಯ್ದ ಸಾಲಿನಲ್ಲಿ ಗಸಗಸೆ ಹೂವಿನ ಮತ್ತಿಗೆ ನಿದ್ದೆ ಹೋಗಿದೆ. ಸೇಬು ಹಿಂಡುವ ಗಾಣದ ಪಕ್ಕ ಕೂತು ಕೊನೆಯ ಹನಿಗಳು ಒಸರುವುದನ್ನು ಗಂಟೆಗಟ್ಟಲೆ ನೋಡುತ್ತದೆ. ಕಣ ಮಾಡಿ ತೂರಿದ ಮನೆಗಳಿಂದ ಬಂದವರಿಗೆ ಈ ಚರಣಕ್ಕೆ ಟಿಪ್ಪಣಿ ಬೇಡ. ವರ್ಡ್ಸ್‌ವರ್ತ್‌ನ ‘ನಾನು’ ಕೀಟ್ಸ್‌ಗೆ ಭಾರವೆನಿಸುತ್ತಿತ್ತು, ಕವಿಗೆ ತನ್ನದೇ ಗುರುತು ಇರುವುದಿಲ್ಲ ಅಂತ 1818ರ ಒಂದು ಪತ್ರದಲ್ಲಿ ಹೇಳಿದ್ದ. ಆ ವರ್ಷದ ಡಿಸೆಂಬರಿನಲ್ಲಿ ತಮ್ಮ ಟಾಮ್ ತೀರಿಕೊಂಡ. ಈ ಕವಿತೆ ಬರೆದ ಹದಿನೇಳು ತಿಂಗಳಿಗೆ ಕೀಟ್ಸ್ ಕೂಡ ಇಲ್ಲವಾದ. ಕೊನೆಯ ಸಾಲಿನಲ್ಲಿ ಹಾರಿಹೋಗಲು ಗುಂಪುಗೂಡಿದ ಹಕ್ಕಿಗಳ ಚಿಲಿಪಿಲಿ ಅಷ್ಟೇ ಇದೆ. ‘ನಾನು’ ಎಲ್ಲಿಯೂ ಇಲ್ಲ, ಆದರೆ ಆ ದಿನ ಅಲ್ಲಿ ಎಷ್ಟು ಹೊತ್ತು ಯಾರೋ ನಿಂತು ಕೇಳಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಜಾನ್ ಕ್ಲೇರ್‌ನನ್ನು ನಮ್ಮ ಪಠ್ಯಗಳು ಬಹಳಮಟ್ಟಿಗೆ ಬಿಟ್ಟಿವೆ. ಅದು ನಷ್ಟ. ಹೆಲ್ಪ್‌ಸ್ಟನ್ ಎಂಬ ಹಳ್ಳಿಯ ಕೂಲಿಯ ಮಗ. ಅವನೂರಿನ ಗೋಮಾಳಗಳಿಗೆ ಬೇಲಿ ಹಾಕಿ ಹಂಚಲು 1809ರಲ್ಲಿ ಕಾನೂನು ಬಂತು. ಹುಡುಗನಾಗಿ ಅಲೆದ ಬಯಲು ಕಣ್ಣೆದುರೇ ತುಂಡಾಯಿತು. ಅವನಿಗೆ ಪ್ರಕೃತಿ ಪ್ರವಾಸ ಹೋಗಿ ನೋಡುವ ಜಾಗವಲ್ಲ, ಹಕ್ಕಿಗೂಡು ಎಲ್ಲಿದೆ, ಮೊಟ್ಟೆ ಯಾವ ಬಣ್ಣ ಅಂತ ಗೊತ್ತಿರುವ ಮನೆ. ಕೊನೆಯ ವರ್ಷಗಳನ್ನು ನಾರ್ತಾಂಪ್ಟನ್ನಿನ ಮಾನಸಿಕ ಆಸ್ಪತ್ರೆಯಲ್ಲಿ ಕಳೆದ. ಅಲ್ಲಿ ಬರೆದ ‘ಐ ಆ್ಯಮ್’ ಓದಿ. ನಾನು ಇದ್ದೇನೆ, ಆದರೆ ಏನಾಗಿದ್ದೇನೆ ಅಂತ ಯಾರಿಗೂ ಬೇಕಿಲ್ಲ, ಯಾರಿಗೂ ಗೊತ್ತಿಲ್ಲ ಅಂತ ಶುರುವಾಗಿ, ಕೆಳಗೆ ಹುಲ್ಲು, ಮೇಲೆ ಆಕಾಶ ಇಷ್ಟೇ ಸಾಕು ಅಂತ ನಿಲ್ಲುತ್ತದೆ.

ಹಂತ 8: ನಿಮ್ಮದೇ ಎರಡು ಹಾಳೆ

ಇದನ್ನು ಬಿಟ್ಟರೆ ಮೇಲಿನ ಏಳೂ ಅರ್ಧಕ್ಕೆ ನಿಂತಂತೆ. ಮನೆಯ ಹತ್ತಿರದ ಒಂದು ಮರವೋ ಕೆರೆಯೋ ಆರಿಸಿಕೊಳ್ಳಿ. ಹದಿನೈದು ನಿಮಿಷ ಫೋನ್ ಇಲ್ಲದೆ ನೋಡಿ, ಅಲ್ಲೇ ಕಂಡದ್ದನ್ನು ಕಂಡ ಹಾಗೆ ಒಂದು ಹಾಳೆಗೆ ಇಳಿಸಿ. ಹಾಳೆ ಮಡಚಿ ಡ್ರಾಯರಿಗೆ ಹಾಕಿ. ಹತ್ತು ದಿನದ ಮೇಲೆ, ಅದನ್ನು ತೆಗೆಯದೆ, ಮನೆಯಲ್ಲೇ ಕೂತು ನೆನಪಿನಿಂದ ಇನ್ನೊಂದು ಹಾಳೆ ಬರೆಯಿರಿ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಹಂತ 3ರಲ್ಲಿ ಮಾಡಿದ ಪಟ್ಟಿ ಮಾಡಿ.

ನಾನು ಆರಿಸಿಕೊಂಡದ್ದು ನಮ್ಮ ಬಸ್ ಸ್ಟಾಪಿನ ಹೊಂಗೆ ಮರ, ಏಪ್ರಿಲ್ ತಿಂಗಳು. ಮೊದಲ ಹಾಳೆಯಲ್ಲಿ ಹೀಗಿದೆ: ಸ್ಕೂಟರ್ ಸೀಟಿನ ಮೇಲೆ ಅರಳು ಚೆಲ್ಲಿದ ಹಾಗೆ ಹೂವು. ಜೇನುನೊಣದ ಸದ್ದು ಆಟೊ ನಿಂತಾಗ ಮಾತ್ರ ಕೇಳುತ್ತದೆ. ಹಸಿರು ಕೋಟಿನ ಹೆಂಗಸು ಉದ್ದ ಪೊರಕೆಯಲ್ಲಿ ಹೂ ಗುಡಿಸುತ್ತಿದ್ದಾರೆ, ಗುಡಿಸಿದ ಜಾಗಕ್ಕೆ ಮತ್ತೆ ಬೀಳುತ್ತಿದೆ, ‘ಎಷ್ಟ್ ಗುಡಿಸಿದ್ರೂ ಅಷ್ಟೇ ಕಣಣ್ಣ’ ಅಂದರು.

ಎರಡನೆಯ ಹಾಳೆಯಲ್ಲಿ ಹೂ ಇತ್ತು, ಜೇನಿನ ಸದ್ದು ಇತ್ತು, ಆಟೊ ಇರಲಿಲ್ಲ. ಮೊದಲ ಸಾಲು ‘ಮರದ ಕೆಳಗೆ ಒಬ್ಬನೇ ನಿಂತಿದ್ದೆ’ ಅಂತ ಬರೆದಿದ್ದೆ.